ಗಾರೆ ಮೆತ್ತದ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇವೆರಡರಲ್ಲಿ ಒಂದೊಂದೂ ಮನುಷ್ಯನ ಹಣದ ಚೀಲವನ್ನೂ ತಾಳ್ಮೆಯನ್ನೂ ಒಟ್ಟಿಗೇ ಒರೆಗೆ ಹಚ್ಚತಕ್ಕ ಕೆಲಸ. ಎರಡನ್ನೂ ಒಂದೇ ವರ್ಷದಲ್ಲಿ ಕೈಗೆತ್ತಿಕೊಂಡವನ ಎದೆಗಾರಿಕೆಯನ್ನು ಏನೆಂದು ಹೇಳೋಣ? 1859ರಲ್ಲಿ ಇಂಗ್ಲೆಂಡಿನಲ್ಲಿ ಅಂಥವನೊಬ್ಬನಿದ್ದನು. ಹೆಸರು ವಿಲಿಯಂ ಮಾರಿಸ್, ವಯಸ್ಸು ಇಪ್ಪತ್ತೈದು, ವೃತ್ತಿಯೆಂದು ಹೇಳಿಕೊಳ್ಳುವಂಥದು ಯಾವುದೂ ಇನ್ನೂ ನೆಲೆಗೊಂಡಿರಲಿಲ್ಲ. ಪಾದ್ರಿಯಾಗಬೇಕೆಂದು ಆಕ್ಸ್‌ಫರ್ಡಿಗೆ ಹೋದವನು ವಾಸ್ತುಶಿಲ್ಪಿಯಾಗಲು ಹೊರಟು, ಅದನ್ನೂ ಬಿಟ್ಟು ಚಿತ್ರಕಾರನಾಗಲು ಯತ್ನಿಸಿ, ನಡುವೆ 1858ರಲ್ಲಿ ಒಂದು ಕವನ ಸಂಕಲನವನ್ನೂ ಹೊರತಂದಿದ್ದನು. 1859ರ ಏಪ್ರಿಲಿನಲ್ಲಿ ಕುದುರೆ ಲಾಯದಲ್ಲಿ ದುಡಿಯುತ್ತಿದ್ದವನೊಬ್ಬನ ಮಗಳಾದ ಜೇನ್ ಬರ್ಡನ್ ಎಂಬವಳನ್ನು ಮದುವೆಯಾದನು. ಅದೇ ವರ್ಷ ತನ್ನ ಗೆಳೆಯ ಫಿಲಿಪ್ ವೆಬ್‌ನಿಂದ ನಕ್ಷೆ ಬರೆಯಿಸಿ, ಲಂಡನ್ನಿನಿಂದ ಸುಮಾರು ಹತ್ತು ಮೈಲಿ ದೂರದಲ್ಲಿ, ಕೆಂಟ್ ಪ್ರಾಂತದ ಅಪ್ಟನ್ ಎಂಬ ಹಳ್ಳಿಯಲ್ಲಿ ಮನೆ ಕಟ್ಟಿಸತೊಡಗಿದನು. 1860ರಲ್ಲಿ ಮುಗಿದ ಆ ಮನೆಗೆ ಇಟ್ಟ ಹೆಸರು ತೀರ ಸರಳವಾದದ್ದು: ‘ರೆಡ್ ಹೌಸ್’, ಎಂದರೆ ಕೆಂಪು ಮನೆ.

ಈ ಮನೆಯ ಮಾತು ನನ್ನ ತರಗತಿಗೆ ಬಂದುದು ಆಕಸ್ಮಿಕವಾಗಿ. ಕಾವ್ಯಮೀಮಾಂಸೆಯ ಪಾಠ ನಡೆಯುತ್ತಿತ್ತು. ಅಲಂಕಾರವೆಂಬುದು ಕಾವ್ಯಕ್ಕೆ ಹೊರಗಿನಿಂದ ತೊಡಿಸಿದ ಒಡವೆಯೋ, ಒಳಗಿನಿಂದ ಹೊಮ್ಮಿದ ಕಾಂತಿಯೋ ಎಂಬ ಹಳೆಯ ಚರ್ಚೆ. ದೃಷ್ಟಾಂತಕ್ಕೆಂದು ಕೆಂಪು ಮನೆಯ ಸಂಗತಿಯನ್ನು ಹೇಳಿ, ಕವಿಯೂ ಚಿತ್ರಕಾರನೂ ಆಗಿದ್ದ ರೊಸೆಟ್ಟಿ ಅದನ್ನು ಮನೆಯೆಂಬುದಕ್ಕಿಂತ ಕವಿತೆಯೆಂದೇ ಭಾವಿಸಿದ್ದನೆಂದು ತಿಳಿಸಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಮನೆ ಕವಿತೆಯಾಗುವುದು ಹೇಗೆ ಸಾರ್? ಕವಿತೆ ಚೆನ್ನಾಗಿಲ್ಲದಿದ್ದರೆ ಪುಸ್ತಕ ಮುಚ್ಚಬಹುದು. ಮನೆಯಲ್ಲಿ ಇರಲೇಬೇಕಲ್ಲ?” ಎಂದು ಕೇಳಿದಳು. ಗಂಟೆ ಹೊಡೆಯಿತು. ಉತ್ತರ ಕೊಡುವ ಕಷ್ಟದಿಂದ ಆ ದಿನ ಪಾರಾದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಈ ಲೇಖನ ಆ ಉತ್ತರದ ಪ್ರಯತ್ನ.

ಕೆಂಪು ಮನೆಯ ಗುಣವನ್ನು ಅರಿಯಬೇಕಾದರೆ ಅದರ ಅಕ್ಕಪಕ್ಕದ ಕಾಲವನ್ನು ಮೊದಲು ನೋಡಬೇಕು. ಇಂಗ್ಲೆಂಡಿಗೆ ಇಟ್ಟಿಗೆಯೇನೂ ಹೊಸದಲ್ಲ. ರೋಮನರು ಅದನ್ನು ಅಲ್ಲಿ ಬಳಸಿದ್ದರು. ಹದಿನೈದನೆಯ ಶತಮಾನದ ಟ್ಯಾಟರ್ಷಲ್ ಕೋಟೆಯನ್ನೂ ಹದಿನಾರನೆಯ ಶತಮಾನದ ಹ್ಯಾಂಪ್ಟನ್ ಕೋರ್ಟ್ ಅರಮನೆಯನ್ನೂ ಕಟ್ಟಿದವರು ಇಟ್ಟಿಗೆಯನ್ನು ಮರೆಮಾಡಬೇಕಾದ ವಸ್ತುವೆಂದು ಎಣಿಸಿರಲಿಲ್ಲ. 1666ರ ಮಹಾ ಅಗ್ನಿಯಲ್ಲಿ ಮರದ ಲಂಡನ್ ಸುಟ್ಟು ಬೂದಿಯಾದ ಮೇಲೆ, ಇನ್ನು ಮುಂದೆ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು 1667ರಲ್ಲಿ ಶಾಸನವಾಯಿತು. ನಗರವನ್ನು ಬೆಂಕಿಯಿಂದ ಕಾಯುವ ಹೊಣೆ ಇಟ್ಟಿಗೆಯ ಪಾಲಿಗೆ ಬಂದಿತು.

ಹೀಗೆ ನಂಬಿಕೆಗೆ ಪಾತ್ರವಾದ ಇಟ್ಟಿಗೆಗೆ ಮುಂದಿನ ಕಾಲದಲ್ಲಿ ನಾಚಿಕೆಯ ಪಟ್ಟ ಕಟ್ಟಲಾಯಿತು. ಕಲ್ಲು ಕುಲೀನ, ಇಟ್ಟಿಗೆ ಸಾಮಾನ್ಯ ಎಂಬ ಭಾವನೆ ಬೇರೂರಿತು. 1820ರ ದಶಕದಲ್ಲಿ ಲಂಡನ್ನಿನ ರೀಜೆಂಟ್ ಪಾರ್ಕಿನ ಸುತ್ತ ಜಾನ್ ನ್ಯಾಷ್ ಎಬ್ಬಿಸಿದ ಸಾಲುಮನೆಗಳನ್ನು ನೋಡಿರಿ: ದೂರದಿಂದ ಅಮೃತಶಿಲೆಯ ಅರಮನೆಗಳಂತೆ ಬೆಳ್ಳಗೆ ಹೊಳೆಯುತ್ತವೆ. ಹತ್ತಿರ ಹೋಗಿ ಬೆರಳಿನಿಂದ ತಟ್ಟಿದರೆ, ಇಟ್ಟಿಗೆಯ ಗೋಡೆಗೆ ಸ್ಟಕೊ ಎಂಬ ನಯವಾದ ಗಾರೆಯನ್ನು ಬಳಿದದ್ದು ತಿಳಿಯುತ್ತದೆ. ಕಲ್ಲಿನ ದಿಮ್ಮಿಗಳನ್ನು ಜೋಡಿಸಿದಂತೆ ತೋರಲೆಂದು ಹಸಿ ಗಾರೆಯ ಮೇಲೆ ಗೆರೆ ಕೊರೆಯುವ ಪದ್ಧತಿಯೂ ಆಗ ಬಳಕೆಯಲ್ಲಿತ್ತು. ಇಷ್ಟು ಸಾಲದೆಂಬಂತೆ ಸರ್ಕಾರವೂ ಇಟ್ಟಿಗೆಯ ಬೆನ್ನು ಹತ್ತಿತ್ತು. ಅಮೆರಿಕದ ಯುದ್ಧದ ವೆಚ್ಚವನ್ನು ತುಂಬಿಕೊಳ್ಳಲು 1784ರಲ್ಲಿ ಇಟ್ಟಿಗೆಯ ಮೇಲೆ ತೆರಿಗೆ ಹಾಕಿದರು. ತೆರಿಗೆ ಎಣಿಕೆಯ ಮೇಲೆ ಎಂದುಕೊಂಡು ಜನ ಇಟ್ಟಿಗೆಯ ಗಾತ್ರವನ್ನು ಹಿಗ್ಗಿಸಿದರು. ಸರ್ಕಾರ ದೊಡ್ಡ ಇಟ್ಟಿಗೆಗೆ ಹೆಚ್ಚು ತೆರಿಗೆ ಹಾಕಿತು. ಈ ಜಗ್ಗಾಟ ಮುಗಿದದ್ದು 1850ರಲ್ಲಿ, ತೆರಿಗೆ ರದ್ದಾದಾಗ. ಮರುವರ್ಷ ಕಿಟಕಿಗಳ ಮೇಲಿನ ತೆರಿಗೆಯೂ ಹೋಯಿತು. ಮಾರಿಸ್ ಮನೆ ಕಟ್ಟಿಸುವ ಹೊತ್ತಿಗೆ ಇಟ್ಟಿಗೆಗೂ ಕಿಟಕಿಗೂ ಬಿಡುಗಡೆಯಾಗಿ ಹತ್ತು ವರ್ಷವೂ ತುಂಬಿರಲಿಲ್ಲ.

ಆ ಬಿಡುಗಡೆಯ ಸಂತೋಷ ಕೆಂಪು ಮನೆಯ ಗೋಡೆಯಲ್ಲಿ ಕಾಣುತ್ತದೆ. ಅದರ ಹೊರಮೈಗೆ ಗಾರೆಯಿಲ್ಲ. ಇಟ್ಟಿಗೆ ತಾನು ಇಟ್ಟಿಗೆಯೆಂದು ಸಾರಿಕೊಂಡು ನಿಂತಿದೆ. ಎರಡು ಅಂತಸ್ತಿನ ಮನೆ. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಮೂಲೆಗೆ ತಿರುಗಿದ ವಿನ್ಯಾಸ. ಮೇಲೆ ಕಡಿದಾದ ಇಳಿಜಾರಿನ ಕೆಂಪು ಹೆಂಚಿನ ಮಾಡು. ಮಾಡನ್ನು ಸೀಳಿಕೊಂಡು ಎದ್ದ ಎತ್ತರವಾದ ಹೊಗೆಗೂಡುಗಳು. ಗಾಳಿಯ ದಿಕ್ಕನ್ನು ತೋರಿಸುವ ಲೋಹದ ಬಾವುಟದಲ್ಲಿ ಯಜಮಾನನ ಹೆಸರಿನ ಮೊದಲಕ್ಷರಗಳೂ 1859 ಎಂಬ ಅಂಕಿಯೂ ಇವೆ. ಎರಡು ತೋಳುಗಳು ಕೂಡುವ ಮೂಲೆಯಂಗಳದಲ್ಲಿ ಒಂದು ಬಾವಿ. ಅದರ ಮೇಲೆ ಶಂಕುವಿನಾಕಾರದ ಹೆಂಚಿನ ಮುಚ್ಚಳ. ಅಲ್ಲಿ ಮೊದಲೇ ಸೇಬು, ಚೆರಿ ಮರಗಳ ತೋಪಿತ್ತು. ಮನೆಗಾಗಿ ತೋಪನ್ನು ಸವರಿಹಾಕದೆ, ಮರಗಳನ್ನು ಆದಷ್ಟು ಉಳಿಸಿಕೊಂಡು ನಡುವೆ ಮನೆಯನ್ನು ಕೂರಿಸಿದರು. ತೋಟದ ಕಡೆಯ ಮೊಗಸಾಲೆಗೆ ಮಾರಿಸ್ ಇಟ್ಟ ಹೆಸರು ‘ಯಾತ್ರಿಕರ ತಂಗುದಾಣ’. ಛಾಸರ್ ಕವಿ ವರ್ಣಿಸಿದ ಕ್ಯಾಂಟರ್ಬರಿಯ ಯಾತ್ರಿಕರು ನಡೆದ ಹಾದಿ ಅಲ್ಲಿಗೆ ಸಮೀಪದಲ್ಲೇ ಇತ್ತು.

ಈ ಮನೆಯ ಕಿಟಕಿಗಳನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. ಆ ಕಾಲದ ಗೌರವಸ್ಥರ ಮನೆಯಲ್ಲಿ ಕಿಟಕಿಗಳು ಕವಾಯಿತಿಗೆ ನಿಂತ ಸಿಪಾಯಿಗಳಂತೆ ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ ಇರುತ್ತಿದ್ದವು. ಮುಂಬಾಗಿಲಿನ ಎಡಕ್ಕೆ ಮೂರಿದ್ದರೆ ಬಲಕ್ಕೂ ಮೂರು. ಒಳಗೆ ಅಲ್ಲಿ ಕೋಣೆಯಿದೆಯೋ ಮೆಟ್ಟಿಲಿದೆಯೋ ಎಂಬುದು ಮುಖ್ಯವಲ್ಲ. ಮುಖ ಸಮನಾಗಿ ಕಂಡರೆ ಸಾಕು. ವೆಬ್ ಇದನ್ನು ಒಪ್ಪಲಿಲ್ಲ. ಕೋಣೆಗೆ ಬೆಳಕು ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು ಕಿಟಕಿಯನ್ನಿಟ್ಟನು. ಆದ್ದರಿಂದ ಒಂದು ಕಡೆ ಅಗಲವಾದದ್ದು, ಒಂದು ಕಡೆ ಕಿರಿದಾದದ್ದು. ಮೇಲಂತಸ್ತಿನ ಓಣಿಯುದ್ದಕ್ಕೂ ಗುಂಡನೆಯ ಕಿಟಕಿಗಳು. ಪಶ್ಚಿಮದ ಗೋಡೆಯಿಂದ ಹೊರಚಾಚಿಕೊಂಡ ಒಂದು ಗವಾಕ್ಷ. ಹೊರಗೆ ನಿಂತು ಗೋಡೆಯನ್ನು ನೋಡಿದವನಿಗೆ ಒಳಗಿನ ಬಾಳು ಅರ್ಥವಾಗುತ್ತದೆ. ಇದು ಓಣಿ, ಇದು ಮೆಟ್ಟಿಲು, ಇದು ಚಿತ್ರ ಬರೆಯುವ ಕೋಣೆ ಎಂದು ಗೋಡೆಯೇ ಹೇಳುತ್ತದೆ. ಮುಖ ಒಳಗಿನ ಮಾತನ್ನು ಆಡುತ್ತಿದೆ.

ಹಾಗಾದರೆ ಅಲ್ಲಿ ಅಲಂಕಾರವೇ ಇಲ್ಲವೇ? ಇದೆ. ಆದರೆ ಅದನ್ನು ಬೇರೆ ತಂದು ಅಂಟಿಸಿಲ್ಲ. ಕಿಟಕಿಯ ಮೇಲೆ ಗೋಡೆಯ ಭಾರ ಬೀಳದಂತೆ ಕಮಾನು ಕಟ್ಟಬೇಕು. ಆ ಕಮಾನಿನ ಬಾಗೇ ಅಲಂಕಾರ. ಬಾವಿಯ ನೀರಿಗೆ ಎಲೆ, ಕಸ ಬೀಳದಂತೆ ಮುಚ್ಚಳ ಬೇಕು. ಆ ಮುಚ್ಚಳದ ಆಕಾರವೇ ಅಲಂಕಾರ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಕಾವ್ಯವನ್ನು ಕುರಿತು ಹೇಳಿದ ಒಂದು ತತ್ತ್ವ ಇಲ್ಲಿ ನೆನಪಾಗುತ್ತದೆ. ರಸದಲ್ಲಿ ತೊಡಗಿದ ಕವಿಗೆ ಯಾವುದು ಪ್ರತ್ಯೇಕ ಪ್ರಯತ್ನವಿಲ್ಲದೆ ಸಿದ್ಧಿಸುತ್ತದೆಯೋ ಅದೇ ನಿಜವಾದ ಅಲಂಕಾರ ಎಂಬುದು ಅವನ ಮತ. ‘ಅಪೃಥಗ್ಯತ್ನ’ ಎಂಬುದು ಅವನ ಮಾತು. ವೆಬ್ ಆ ಆಚಾರ್ಯನ ಹೆಸರನ್ನು ಬಲ್ಲವನೆಂದು ನಾನು ಹೇಳಹೊರಟಿಲ್ಲ. ಸಾವಿರ ವರ್ಷಗಳ, ಸಾವಿರಾರು ಮೈಲಿಗಳ ಅಂತರದಲ್ಲಿ ಇಬ್ಬರೂ ಒಂದೇ ಸತ್ಯವನ್ನು ಮುಟ್ಟಿದರೆಂದು ಮಾತ್ರ ನನ್ನ ಅಭಿಪ್ರಾಯ. ಮನೆ ಕವಿತೆಯಾಗುವುದು ಹೀಗೆ. ಗೋಡೆಯ ಮೇಲೆ ಬಳ್ಳಿ ಕೆತ್ತಿಸಿದ ಮಾತ್ರಕ್ಕೆ ಆಗುವುದಿಲ್ಲ. ಇರಲೇಬೇಕಾದದ್ದು ಸುಂದರವಾದಾಗ ಆಗುತ್ತದೆ.

ಮನೆಯ ಒಳಗೆ ಚಿತ್ರಗಳಿಗೆ, ಬಣ್ಣಕ್ಕೆ ಕೊರತೆಯಿರಲಿಲ್ಲವೆಂಬುದನ್ನೂ ಹೇಳದಿದ್ದರೆ ಅರ್ಧ ಸತ್ಯವಾದೀತು. ಮನೆಯೇನೋ ಎದ್ದಿತು, ಅದರೊಳಗೆ ಇಡಲು ಮನಸ್ಸೊಪ್ಪುವ ಕುರ್ಚಿ, ಮೇಜು, ಪರದೆ ಯಾವುದೂ ಅಂಗಡಿಯಲ್ಲಿ ಮಾರಿಸ್‌ನಿಗೆ ಸಿಕ್ಕಲಿಲ್ಲ. ಗೆಳೆಯರೆಲ್ಲ ಸೇರಿ ತಾವೇ ಕೈಹಾಕಿದರು. ವೆಬ್ ಮೇಜು, ದೀಪಸ್ತಂಭಗಳಿಗೆ ನಕ್ಷೆ ಬರೆದನು. ಬರ್ನ್-ಜೋನ್ಸ್ ಎಂಬ ಚಿತ್ರಕಾರನು ಮೇಲಂತಸ್ತಿನ ಬೈಠಕ್ ಕೋಣೆಯ ಗೋಡೆಯ ಮೇಲೆ ಮಧ್ಯಯುಗದ ಕಥೆಯೊಂದರ ಮದುವೆಯ ದೃಶ್ಯಗಳನ್ನು ಬರೆದನು. ಅದೇ ಕೋಣೆಯ ಇಟ್ಟಿಗೆಯ ಅಗ್ಗಿಷ್ಟಿಕೆಯ ಮೇಲೆ, ಕಲೆ ದೀರ್ಘವಾದದ್ದು, ಬಾಳು ಹ್ರಸ್ವವಾದದ್ದು ಎಂಬ ಅರ್ಥದ ಲ್ಯಾಟಿನ್ ಸೂಕ್ತಿಯನ್ನು ಬರೆಯಿಸಿದರು. ಜೇನ್ ಲಂಡನ್ನಿನ ಅಂಗಡಿಯೊಂದರಲ್ಲಿ ನೀಲಿ ಬಣ್ಣದ ಒರಟು ಉಣ್ಣೆಬಟ್ಟೆಯೊಂದನ್ನು ಕಂಡು ತಂದಳು. ಅದರ ಮೇಲೆ ಗಂಡಹೆಂಡಿರಿಬ್ಬರೂ ಕೂಡಿ ಹೂಗಳ ಕಸೂತಿ ಹಾಕಿ ಮಲಗುವ ಕೋಣೆಗೆ ತೂಗುಬಿಟ್ಟರು. ಆ ಸಂತೋಷದ ಕೂಟವೇ 1861ರಲ್ಲಿ ‘ಮಾರಿಸ್, ಮಾರ್ಷಲ್, ಫಾಕ್‌ನರ್ ಮತ್ತು ಕಂಪೆನಿ’ ಎಂಬ ವ್ಯಾಪಾರ ಸಂಸ್ಥೆಯಾಯಿತು. ತೋಟದಲ್ಲಿ ಗುಲಾಬಿ ಹಬ್ಬಿದ್ದ ಮರದ ಜಾಲರಿಯನ್ನು ನೋಡಿ ಮಾರಿಸ್ 1862ರಲ್ಲಿ ಗೋಡೆಕಾಗದಕ್ಕೊಂದು ಚಿತ್ತಾರ ಬರೆದನು. ಅದರೊಳಗಿನ ಹಕ್ಕಿಗಳನ್ನು ಬರೆದವನು ವೆಬ್.

ಇಷ್ಟನ್ನು ಹೇಳಿ ಕೈಮುಗಿದು ಬಿಡುವುದು ಸುಲಭ. ಬಹುಮಂದಿ ಹಾಗೆಯೇ ಮಾಡಿದ್ದಾರೆ. ಇದು ಹೊಸ ಯುಗದ ಮೊಟ್ಟಮೊದಲ ಮನೆಯೆಂದೂ ಒಳಗು ಹೊರಗುಗಳನ್ನು ಒಂದೇ ಕೃತಿಯಾಗಿ ಕಲ್ಪಿಸಿದ ಮೊದಲ ಉದಾಹರಣೆಯೆಂದೂ ಜರ್ಮನಿಯ ಹರ್ಮನ್ ಮುಥೇಸಿಯಸ್ ಇಂಗ್ಲಿಷ್ ಮನೆಯನ್ನು ಕುರಿತು 1904-05ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕೊಂಡಾಡಿದನು. ಈ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆಯುಂಟು. ಬಟರ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ಲಂಡನ್ನಿನ ಮಾರ್ಗರೆಟ್ ಬೀದಿಯಲ್ಲಿ ಕಟ್ಟಿದ ಚರ್ಚು 1850ರ ದಶಕದಲ್ಲಿಯೇ ಇಟ್ಟಿಗೆಯ ಮುಸುಕನ್ನು ತೆಗೆದಿತ್ತು. ಅವನೂ, ವೆಬ್ ಮತ್ತು ಮಾರಿಸ್ ಇಬ್ಬರಿಗೂ ಕೆಲಸ ಕಲಿಸಿದ ಸ್ಟ್ರೀಟ್ ಎಂಬವನೂ ಪಾದ್ರಿಗಳಿಗಾಗಿ ಕಟ್ಟಿದ ಸಾದಾ ಮನೆಗಳಲ್ಲಿ ಕೆಂಪು ಇಟ್ಟಿಗೆ, ಕಡಿದಾದ ಮಾಡು, ಅಗತ್ಯಕ್ಕೆ ತಕ್ಕ ಕಿಟಕಿ ಎಲ್ಲವೂ ಇದ್ದವು. ಇಪ್ಪತ್ತೆಂಟರ ಹರೆಯದ ವೆಬ್ ಸ್ವತಂತ್ರವಾಗಿ ಮಾಡಿದ ಮೊದಲ ಕೆಲಸ ಕೆಂಪು ಮನೆ. ಗುರುವಿನ ಮನೆಯಲ್ಲಿ ಕಲಿತದ್ದನ್ನೇ ಅವನು ಇಲ್ಲಿ ಸ್ವಂತ ಮಾಡಿಕೊಂಡನು. ಯಾವ ಕವಿಯೂ ಭಾಷೆಯನ್ನು ತಾನೇ ಸೃಷ್ಟಿಸಿಕೊಳ್ಳುವುದಿಲ್ಲವಷ್ಟೆ.

ಆ ಮನೆಗೆ ದೋಷಗಳೂ ಇದ್ದವು. ಮುಖ್ಯವಾದ ಕೋಣೆಗಳು ಉತ್ತರಕ್ಕೆ ಮುಖಮಾಡಿವೆ. ನಮಗೆ ಇದು ದೋಷವೆಂದು ಥಟ್ಟನೆ ಹೊಳೆಯದು. ಬಿಸಿಲಿಗೆ ಬೆನ್ನು ಹಾಕುವ ಕೋಣೆ ನಮ್ಮಲ್ಲಿ ವರ. ಇಂಗ್ಲೆಂಡಿನಲ್ಲಿ ನಡುಹಗಲಿನ ಸೂರ್ಯನು ಸದಾ ದಕ್ಷಿಣದ ಕಡೆಗೇ ಇರುವುದರಿಂದ, ಚಳಿಗಾಲದಲ್ಲಿ ಉತ್ತರದ ಕೋಣೆಗೆ ಬಿಸಿಲಿನ ಮುಖವೇ ಇಲ್ಲ. ಬಿಸಿಲೆಲ್ಲ ಓಣಿಗೆ, ಚಳಿಯೆಲ್ಲ ಕೂಡುವ ಕೋಣೆಗೆ ಎಂಬಂತಾಯಿತು. ಜೊತೆಗೆ ಮಾರಿಸ್ ದಿನವೂ ಲಂಡನ್ನಿನ ಕಾರ್ಯಾಲಯಕ್ಕೆ ಹೋಗಿಬರಬೇಕು. ರೈಲು ನಿಲ್ದಾಣ ದೂರ. 1864ರಲ್ಲಿ ವಿಪತ್ತುಗಳು ಒಟ್ಟಾಗಿ ಎರಗಿದವು. ಮನೆಗೆ ಇನ್ನೊಂದು ಪಕ್ಕ ಸೇರಿಸಿ ಬರ್ನ್-ಜೋನ್ಸ್‌ನ ಸಂಸಾರವೂ ಅಲ್ಲಿಗೇ ಬರಬೇಕೆಂದಿತ್ತು. ಅವನ ಹೆಂಡತಿ ಕಾಯಿಲೆ ಬಿದ್ದು, ಹಸುಗೂಸು ತೀರಿಕೊಂಡು, ಆ ಯೋಜನೆ ಮುರಿಯಿತು. ಮಾರಿಸ್ ಸಂಧಿವಾತ ಜ್ವರದಿಂದ ಹಾಸಿಗೆ ಹಿಡಿದನು. ವರಮಾನವೂ ಇಳಿಯಿತು. 1865ರಲ್ಲಿ ಹೆಂಡತಿಯನ್ನೂ, ಆ ಮನೆಯಲ್ಲೇ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಲಂಡನ್ನಿಗೆ ಹೊರಟುಬಿಟ್ಟನು. ಬಾಳೆಲ್ಲ ಇರಲೆಂದು ಕಟ್ಟಿಸಿದ ಮನೆಯಲ್ಲಿ ಅವನು ಇದ್ದದ್ದು ಐದೇ ವರ್ಷ. ಮತ್ತೆ ಅದನ್ನು ನೋಡಲು ಹೋಗಲಿಲ್ಲ. ನೋಡಿದರೆ ತಾಳಲಾರೆನೆಂಬುದೇ ಕಾರಣ. ವಿದ್ಯಾರ್ಥಿನಿ ಕೇಳಿದ್ದ ಪ್ರಶ್ನೆಯ ಚೂಪು ಇಲ್ಲಿ ನನಗೆ ತಾಗಿತು. ಕವಿತೆಯಾದ ಮನೆಯಲ್ಲಿ ಬಾಳುವುದು ಕಷ್ಟವೇ ಆಯಿತು.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೊಂದಿದೆ. ಮನೆಗೆ ತಗುಲಿದ ವೆಚ್ಚ ಸುಮಾರು 4,000 ಪೌಂಡು. ವೃತ್ತಿಯಿಲ್ಲದ ತರುಣನಿಗೆ ಈ ಹಣ ಎಲ್ಲಿಂದ ಬಂತು? ಅವನ ತಂದೆ ಡೆವನ್ ಪ್ರಾಂತದ ತಾಮ್ರದ ಗಣಿಯೊಂದರಲ್ಲಿ ಪಾಲುಗಳನ್ನು ಕೊಂಡಿದ್ದನು. ಆ ಪಾಲುಗಳ ಲಾಭವೇ ಮಗನ ಮನೆಯ ಬುನಾದಿ. ಇಟ್ಟಿಗೆ ಮುಚ್ಚುಮರೆಯಿಲ್ಲದೆ ನಿಂತಿತ್ತೇನೋ ದಿಟ. ಆದರೆ ನೆಲದಡಿಯ ಕತ್ತಲೆಯಲ್ಲಿ ಅದಿರು ಅಗೆದವರ ಬೆವರು ಆ ಗೋಡೆಯಲ್ಲಿ ಎಲ್ಲಿ ಕಾಣುತ್ತದೆ? ಗೋಡೆಗೆ ಗಾರೆ ಮೆತ್ತದವನು ಹಣದ ಮೂಲಕ್ಕೆ ಗಾರೆ ಮೆತ್ತಿದಂತಾಗಲಿಲ್ಲವೇ? ಶ್ರೀಮಂತನೊಬ್ಬ ಸರಳತೆಯನ್ನು ದುಬಾರಿ ಬೆಲೆ ಕೊಟ್ಟು ಕೊಂಡನೆಂದು ಹೇಳಿದರೆ, ಆ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಮನೆಗಳ ಚರಿತ್ರೆ ಬರೆಯುವವರು ಕಟ್ಟಿಸಿದವನ ಹೆಸರು ಹೇಳುತ್ತಾರೆ, ನಕ್ಷೆ ಬರೆದವನ ಹೆಸರು ಹೇಳುತ್ತಾರೆ. ಇಟ್ಟಿಗೆ ಸುಟ್ಟವನನ್ನೂ ಗೋಡೆ ಎಬ್ಬಿಸಿದವನನ್ನೂ ಹೆಸರಿಸುವ ಗೋಜಿಗೆ ಹೋಗುವುದು ಅಪರೂಪ.

ನಾನು ಈ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಲ್ಲಲಾರೆ. ಏಕೆಂದರೆ ಮಾರಿಸ್ ಸ್ವತಃ ಅಲ್ಲಿಗೆ ನಿಲ್ಲಲಿಲ್ಲ. ವಿದ್ಯಾರ್ಥಿ ದೆಸೆಯಲ್ಲಿ ಅವನು ರಸ್ಕಿನ್ನನ ಬರಹವನ್ನು ಓದಿದ್ದನು. ವೆನಿಸ್ ನಗರದ ಕಟ್ಟಡಗಳನ್ನು ಕುರಿತು 1853ರಲ್ಲಿ ಪ್ರಕಟವಾದ ಸಂಪುಟವೊಂದರಲ್ಲಿ ರಸ್ಕಿನ್ ಮಧ್ಯಯುಗದ ಗಾಥಿಕ್ ಶಿಲ್ಪದ ಸ್ವರೂಪವನ್ನು ವಿವರಿಸುತ್ತ, ಕಟ್ಟಡದ ಸೌಂದರ್ಯವನ್ನು ಅದನ್ನು ಕಟ್ಟಿದ ಕೆಲಸಗಾರನ ಸ್ವಾತಂತ್ರ್ಯದಿಂದ ಅಳೆಯಬೇಕೆಂದು ವಾದಿಸಿದ್ದನು. ಆ ವಿಚಾರ ಮಾರಿಸ್‌ನ ಮನಸ್ಸಿನಲ್ಲಿ ಬೀಜವಾಗಿ ಬಿದ್ದಿತ್ತು. ಗೋಡೆ ಸುಳ್ಳಾಡಬಾರದೆಂದು ಹಟ ಹಿಡಿದವನು ಕುರ್ಚಿಯೂ ಸುಳ್ಳಾಡಬಾರದೆಂದನು. ಆಮೇಲೆ ಬಟ್ಟೆ, ಆಮೇಲೆ ಬಣ್ಣ. ಕೊನೆಗೆ, ಇವನ್ನೆಲ್ಲ ಮಾಡುವ ಕೈಗಳ ಪಾಡೇನು ಎಂಬ ಪ್ರಶ್ನೆಯ ಮುಂದೆ ಬಂದು ನಿಂತನು. ತನ್ನ ಕಂಪೆನಿಯ ಸುಂದರ ವಸ್ತುಗಳು ಧನಿಕರ ಮನೆಗೇ ಹೋಗುತ್ತಿವೆಯೆಂಬ ಕಹಿ ಅವನನ್ನು ಕೊರೆಯಿತು. 1883ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಸಮಾಜವಾದಿಗಳ ಸಂಘವನ್ನು ಸೇರಿ ಬೀದಿಯ ಮೂಲೆಗಳಲ್ಲಿ ನಿಂತು ಭಾಷಣ ಮಾಡತೊಡಗಿದನು. ಆ ಬದಲಾವಣೆಗೆ ಒಂದೇ ಕಾರಣವನ್ನು ಹೇಳಲಾಗದು. ಆದರೆ ಇಟ್ಟಿಗೆಯ ವಿಷಯದಲ್ಲಿ ಆರಂಭವಾದ ಪ್ರಾಮಾಣಿಕತೆ ಇಟ್ಟಿಗೆಯಲ್ಲೇ ನಿಲ್ಲಲಿಲ್ಲವೆಂಬುದು ಸ್ಪಷ್ಟ. ಗೋಡೆಯಿಂದ ಹೊರಟ ಪ್ರಶ್ನೆ ಬುನಾದಿಯನ್ನು ಮುಟ್ಟಿತು. ಕೆಂಪು ಮನೆಯ ನಿಜವಾದ ಹಿರಿಮೆ ಇದೆಂದು ನನ್ನ ನಂಬಿಕೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನನ್ನ ವಾದವೇ ತಪ್ಪು ದಾರಿ ಹಿಡಿದೀತು. ಬತ್ತಲೆ ಗೋಡೆಯೇ ಸತ್ಯ, ಗಾರೆಯೇ ಸುಳ್ಳು ಎಂದು ಯಾರಾದರೂ ಸೂತ್ರ ಮಾಡಿಕೊಂಡಾರು. ಮಾರಿಸ್ ಹಾಗೆ ಮಾಡಿಕೊಳ್ಳಲಿಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ಹಳೆಯ ಚರ್ಚುಗಳಿಗೆ ಜೀರ್ಣೋದ್ಧಾರದ ಜ್ವರ ಹಿಡಿದಿತ್ತು. ಉದ್ಧಾರಕರು ಶತಮಾನಗಳ ಹಿಂದಿನ ಗಾರೆಯನ್ನು ಕೆರೆದು ತೆಗೆದು, ಒಳಗಿನ ಕಲ್ಲನ್ನು ಬಯಲುಮಾಡಿ, ನಡುವಿನ ಕಾಲದವರು ಸೇರಿಸಿದ್ದನ್ನೆಲ್ಲ ಕೆಡವಿ, ‘ಮೂಲ ಸ್ವರೂಪ’ವೆಂದು ತಮಗೆ ತೋರಿದ್ದನ್ನು ಹೊಸದಾಗಿ ಕಟ್ಟುತ್ತಿದ್ದರು. ಇದನ್ನು ತಡೆಯಲೆಂದು ಮಾರಿಸ್, ವೆಬ್ ಮೊದಲಾದವರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದರು. ಅದಕ್ಕೆ ಅವರಿಟ್ಟುಕೊಂಡ ವಿನೋದದ ಹೆಸರು ‘ಆ್ಯಂಟಿ-ಸ್ಕ್ರೇಪ್’, ಎಂದರೆ ಕೆರೆಯುವುದರ ವಿರೋಧಿ. ತನ್ನ ಮನೆಗೆ ಗಾರೆ ಬೇಡವೆಂದವನು ಹಿರಿಯರ ಗೋಡೆಯ ಗಾರೆಯನ್ನು ಕಾಯಲು ನಿಂತನು! ಇದು ವಿರೋಧಾಭಾಸವೇ ಹೊರತು ವಿರೋಧವಲ್ಲ. ಹೊಸ ಗೋಡೆಗೆ ಕಲ್ಲಿನ ವೇಷ ಹಾಕುವುದು ಹೇಗೆ ಸುಳ್ಳೋ, ಹಳೆಯ ಗೋಡೆಯ ವಯಸ್ಸನ್ನು ಕೆರೆದುಹಾಕಿ ಅದಕ್ಕೆ ಕೃತಕ ಯೌವನ ಕೊಡುವುದೂ ಹಾಗೆಯೇ ಸುಳ್ಳು. ದಿನದಿನದ ಪೋಷಣೆಯಿಂದ ಕಟ್ಟಡವನ್ನು ಕಾಪಾಡಿರಿ. ಸೋರುವ ಮಾಡನ್ನು ಸರಿಮಾಡಿರಿ, ಬೀಳುವ ಗೋಡೆಗೆ ಆಸರೆ ಕೊಡಿರಿ. ಆದರೆ ನಿಮ್ಮ ಕಲ್ಪನೆಯನ್ನು ಅದರ ಚರಿತ್ರೆಯೆಂದು ಮಾರಬೇಡಿರಿ ಎಂಬುದು ಸಂಘದ ನಿಲುವಿನ ಸಾರ.

ಹಳೆಗನ್ನಡ ಗ್ರಂಥಗಳನ್ನು ಓದುವ ನಮಗೆ ಈ ನಿಲುವು ಅಪರಿಚಿತವಲ್ಲ. ಓಲೆಗರಿಯ ಪ್ರತಿಯಲ್ಲಿ ಹುಳು ತಿಂದ ಪಾದವೊಂದು ಸಿಕ್ಕಿದಾಗ ಒಳ್ಳೆಯ ಸಂಪಾದಕನು ಚುಕ್ಕಿಗಳನ್ನಿಟ್ಟು ಮುಂದುವರಿಯುತ್ತಾನೆ. ತನಗೆ ಛಂದಸ್ಸು ಬರುತ್ತದೆಂದು ತಾನೇ ಒಂದು ಪಾದವನ್ನು ಹೊಸೆದು ಕವಿಯ ಹೆಸರಿನಲ್ಲಿ ಸೇರಿಸುವುದಿಲ್ಲ. ತೋಚಿದ್ದನ್ನು ಹೇಳಲೇಬೇಕಾದರೆ ಅಡಿಟಿಪ್ಪಣಿಯಲ್ಲಿ ತನ್ನ ಹೆಸರಿನಲ್ಲಿ ಹೇಳುತ್ತಾನೆ. ಆ ಚುಕ್ಕಿಗಳೂ ಗಾರೆ ಮೆತ್ತದ ಇಟ್ಟಿಗೆಗಳೂ ಒಂದೇ ಧರ್ಮಕ್ಕೆ ಸೇರಿದವು.

ಮಾರಿಸ್‌ನ ವಿಚಾರ ಪೂರ್ವದೇಶಗಳ ಕಲಾಚಿಂತನೆಯನ್ನೂ ಮುಟ್ಟಿತೆಂಬುದಕ್ಕೆ ಒಂದು ಮೂರ್ತವಾದ ಸಾಕ್ಷಿಯಿದೆ. ಕೊನೆಗಾಲದಲ್ಲಿ ಅವನು ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ತೆರೆದು, ಗೋಡೆಗೆ ತೋರಿದ ಶ್ರದ್ಧೆಯನ್ನೇ ಕಾಗದಕ್ಕೂ ಅಚ್ಚಿನ ಮೊಳೆಗೂ ತೋರಿದನು. 1892ರಲ್ಲಿ ರಸ್ಕಿನ್ನನ ಆ ಗಾಥಿಕ್ ಪ್ರಬಂಧವನ್ನೂ 1896ರಲ್ಲಿ, ತಾನು ತೀರಿಕೊಂಡ ವರ್ಷವೇ, ಛಾಸರನ ಕೃತಿಗಳನ್ನೂ ಅಲ್ಲಿ ಅಚ್ಚು ಹಾಕಿಸಿದನು. ಆ ಮುದ್ರಣಾಲಯದ ಕೈಯಂತ್ರವು ಮುಂದೆ ಆನಂದ ಕುಮಾರಸ್ವಾಮಿಯವರ ಕೈಗೆ ಬಂದಿತು. ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ಗ್ರಂಥ 1908ರಲ್ಲಿ ಅಚ್ಚಾದದ್ದು ಅದರಲ್ಲಿಯೇ. ಕುಶಲಕರ್ಮಿಯ ಕೈಗೆ ಗೌರವ ಸಲ್ಲಬೇಕೆಂದು ಸಾರಿದ ಇಬ್ಬರ ಪುಸ್ತಕಗಳನ್ನು ಒಂದೇ ಯಂತ್ರ ಮುದ್ರಿಸಿತು.

ಕೆಂಪು ಮನೆಯ ಮುಂದಿನ ಕಥೆಯೂ ಕೇಳತಕ್ಕದ್ದು. ಅಪ್ಟನ್ ಹಳ್ಳಿಯನ್ನು ಲಂಡನ್ನಿನ ಹೊರವಲಯ ನುಂಗಿತು. ಈಗ ಅದು ಬೆಕ್ಸ್‌ಲಿಹೀತ್ ಎಂಬ ಬಡಾವಣೆಯ ಒಂದು ಮೂಲೆ. 1952ರಲ್ಲಿ ಎಡ್ವರ್ಡ್ ಹಾಲಂಬಿ ಎಂಬ ವಾಸ್ತುಶಿಲ್ಪಿ ಅಲ್ಲಿಗೆ ಬಂದು ನೆಲೆಸಿದನು. 1999ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು. ಅವನು ಲಂಡನ್ನಿನ ಪೌರಾಡಳಿತದಲ್ಲಿ ಸಾಮಾನ್ಯ ಜನರಿಗಾಗಿ ಮನೆಗಳನ್ನು ರೂಪಿಸುತ್ತಿದ್ದವನು ಎಂಬುದು ನನಗೆ ಅರ್ಥವತ್ತಾಗಿ ತೋರುತ್ತದೆ. ತನಗಾಗಿ ಮನೆ ಕಟ್ಟಿಸಿಕೊಂಡ ಧನಿಕ ತರುಣನಲ್ಲಿ ಹುಟ್ಟಿದ ಪ್ರಶ್ನೆಗೆ, ನೂರು ವರ್ಷಗಳ ತರುವಾಯ, ಅದೇ ಸೂರಿನಡಿ ಬಾಳಿದ ಬೇರೊಬ್ಬನ ದುಡಿಮೆ ಒಂದು ಉತ್ತರವಾಯಿತು. 2003ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದಿತು. 2013ರಲ್ಲಿ ಮಲಗುವ ಕೋಣೆಯ ದೊಡ್ಡ ಕಪಾಟಿನ ಹಿಂದೆ, ಮೇಲೆ ಬಿದ್ದಿದ್ದ ಬಣ್ಣವನ್ನು ಸಾವಧಾನವಾಗಿ ಬಿಡಿಸಿದಾಗ, ಮಾರಿಸ್ ಮತ್ತು ಅವನ ಗೆಳೆಯರು ಬರೆದದ್ದೆಂದು ನಂಬಲಾದ ಭಿತ್ತಿಚಿತ್ರಗಳು ಹೊರಬಂದವು. ಬೈಬಲ್ಲಿನ ಆಡಂ, ಈವ್, ನೋಹರ ಆಕೃತಿಗಳು ಮಬ್ಬಾಗಿ ಕಂಡುಬಂದವು. ಮಬ್ಬಾದದ್ದನ್ನು ಮಬ್ಬಾಗಿಯೇ ಬಿಟ್ಟಿದ್ದಾರೆ.

ಇನ್ನು ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ. ಕೆಂಪು ಮನೆ ವಾಸಕ್ಕೆ ದೋಷರಹಿತವಾದ ಮನೆಯಲ್ಲ ಎಂದು ಮೊದಲೇ ಒಪ್ಪಿಕೊಂಡೆ. ಆದರೂ ಅದನ್ನು ಕವಿತೆಯೆಂದದ್ದು ಏಕೆಂದರೆ, ಅದರಲ್ಲಿ ಇದ್ದದ್ದು ಇದ್ದಂತೆ ಕಾಣಿಸಿತು, ಕಂಡದ್ದು ಕಟ್ಟಿಸಿದವನನ್ನು ಸುಮ್ಮನೆ ಇರಗೊಡಲಿಲ್ಲ ಎಂದೆ. ಅವಳ ಮುಖದಲ್ಲಿ ಪೂರ್ಣ ಸಮ್ಮತಿ ಕಾಣಲಿಲ್ಲ. ಆಗ ತರಗತಿಗೆಲ್ಲ ಒಂದು ಕೆಲಸ ಕೊಟ್ಟೆ. ತಾವು ಬರೆದ ಪ್ರಬಂಧದಿಂದ ಒಂದು ಪುಟವನ್ನು ತೆಗೆದುಕೊಂಡು, ಇಟ್ಟಿಗೆಯನ್ನು ಕಲ್ಲೆಂದು ತೋರಿಸಲು ಬಳಸಿದ ಶಬ್ದಗಳನ್ನೆಲ್ಲ ಹೊಡೆದುಹಾಕಬೇಕೆಂದೆ. ನನ್ನ ಹಳೆಯ ಲೇಖನವೊಂದನ್ನೂ ಜೊತೆಗಿಟ್ಟುಕೊಂಡು ಕುಳಿತೆ. ನನ್ನ ಪುಟದಲ್ಲಿ ಅರ್ಧಕ್ಕರ್ಧ ಹೋಯಿತು. ನಲವತ್ತು ದಾಟಿದ ಅಧ್ಯಾಪಕನಿಗೆ ಇದು ಹೆಮ್ಮೆಯ ಸಂಗತಿಯೇನಲ್ಲ.

ಆ ಹುಡುಗಿ ಇಪ್ಪತ್ತು ಸಾಲುಗಳಲ್ಲಿ ಹದಿಮೂರನ್ನು ಹೊಡೆದು ಏಳನ್ನು ಉಳಿಸಿಕೊಂಡಿದ್ದಳು. ಉಳಿದವುಗಳಲ್ಲಿ ಒಂದು ಸಾಲು ಸ್ವಲ್ಪ ಹಳತಾಗಿ, ಸುತ್ತುಬಳಸಿನದಾಗಿ ಕಂಡಿತು. ಇದನ್ನೇಕೆ ಬಿಟ್ಟೆ ಎಂದು ಕೇಳಿದೆ. “ಇದು ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ಸಾರ್, ಅವರು ಹೇಳುತ್ತಿದ್ದ ಹಾಗೆಯೇ ಇದೆ” ಎಂದಳು. ನಾನು ಪೆನ್ಸಿಲನ್ನು ಕೆಳಗಿಟ್ಟೆ. ಅದು ಹಿರಿಯರ ಗೋಡೆಯ ಗಾರೆ. ಅದನ್ನು ಕೆರೆಯುವ ಅಧಿಕಾರ ನನಗಿರಲಿಲ್ಲ.